‘ಸಕ್ಸೆಷನ್’ ನೋಡುವಾಗ ಮತ ಎಣಿಸುತ್ತಾ ಹೋಗಿ

ಅಮೆರಿಕದ ಎಚ್‌ಬಿಒ ವಾಹಿನಿಯ ಧಾರಾವಾಹಿ ‘ಸಕ್ಸೆಷನ್’ 2018ರ ಜೂನ್‌ನಲ್ಲಿ ಶುರುವಾಗಿ 2023ರ ಮೇ ತಿಂಗಳಲ್ಲಿ ಮುಗಿಯಿತು. ನಾಲ್ಕು ಸೀಸನ್, 39 ಕಂತು, ಹೆಚ್ಚಿನವು ಸುಮಾರು ಒಂದು ಗಂಟೆಯವು. ಮೊದಮೊದಲು ಬೈಗುಳವೇ ಕಿವಿಗೆ ಬೀಳುತ್ತದೆ, ಷೇರು–ಸಾಲದ ಮಾತು ತಲೆಗೆ ಹತ್ತುವುದಿಲ್ಲ. ಆದರೂ ಮೊದಲ ಸೀಸನ್ನಿನ ಆರನೆಯ ಕಂತಿನ ತನಕ ಹೋಗಿ, ಆಮೇಲೆ ಬೇಕೋ ಬೇಡವೋ ತೀರ್ಮಾನಿಸಿ.

ಒಂದು ಹಾಳೆ ಇಟ್ಟುಕೊಳ್ಳಿ. ಮೇಲೆ ಲೋಗನ್ ರಾಯ್: ಸುದ್ದಿ ವಾಹಿನಿ, ಸಿನಿಮಾ ಸ್ಟುಡಿಯೊ, ಥೀಮ್ ಪಾರ್ಕು, ವಿಹಾರ ಹಡಗು ಎಲ್ಲ ಸೇರಿದ ವೇಸ್ಟಾರ್ ರಾಯ್ಕೊದ ಯಜಮಾನ. ಕೆಳಗೆ ಅವನ ಮಕ್ಕಳು ಕಾನರ್, ಕೆಂಡಲ್, ರೋಮನ್, ಶಿವ್. ಶಿವ್ ಮಗಳು, ಐರಿಷ್ ಹೆಸರಿನ ಚಿಕ್ಕ ರೂಪ ಅದು, ನಮ್ಮ ಕಿವಿಗೆ ಗಂಡು ಹೆಸರಿನಂತೆ ಕೇಳಿ ಗೊಂದಲವಾಗುತ್ತದೆ. ಪಕ್ಕದಲ್ಲಿ ಲೋಗನ್‌ನ ಹೆಂಡತಿ ಮಾರ್ಸಿಯಾ, ಶಿವ್‌ಳನ್ನು ಮದುವೆಯಾಗಲಿರುವ ಟಾಮ್, ಲೋಗನ್‌ನ ಅಣ್ಣ ಯೂಅನ್, ಯೂಅನ್‌ನ ಮೊಮ್ಮಗ ಗ್ರೆಗ್. ಪ್ರತಿ ಹೆಸರಿನ ಮುಂದೆ ಒಂದೇ ಪ್ರಶ್ನೆ ಬರೆಯಿರಿ: ಕಂಪನಿಯ ತೀರ್ಮಾನಗಳಲ್ಲಿ ಇವರ ಕೈಯಲ್ಲಿ ಮತ ಇದೆಯೇ, ಸಂಬಳ ಮಾತ್ರವೇ? ಇಡೀ ಕಥೆ ಆ ವ್ಯತ್ಯಾಸದ ಮೇಲೆ ನಿಂತಿದೆ.

ಮೊದಲ ಕಂತಿನಲ್ಲಿ ಹುಟ್ಟುಹಬ್ಬದ ಗದ್ದಲದ ನಡುವೆ ಲೋಗನ್ ಮಕ್ಕಳಿಂದ ಸಹಿ ಕೇಳುವ ಕಾಗದವನ್ನು ಬಿಡಬೇಡಿ. ತಾನು ಸತ್ತ ಮೇಲೆ ಕುಟುಂಬದ ಟ್ರಸ್ಟಿನಲ್ಲಿ ಮಾರ್ಸಿಯಾಳ ಕೈ ಬಲವಾಗಲಿ ಅನ್ನುವುದು ಅದರ ಉದ್ದೇಶ. ಆಮೇಲೆ ಹೊರಬೀಳುವ ಹಳೆಯ ಸಾಲ ಇನ್ನೊಂದು ಕೀಲಿ. ಅದು 300 ಕೋಟಿ ಡಾಲರಿಗೂ ಮಿಕ್ಕಿದ್ದು. ಷೇರಿನ ಬೆಲೆ ಗೊತ್ತುಪಡಿಸಿದ ಮಟ್ಟಕ್ಕಿಂತ ಕೆಳಗಿಳಿದರೆ ಬ್ಯಾಂಕು ಪೂರ್ತಿ ಹಣ ಕೇಳಬಹುದು. ಯಾರಾದರೂ ಗಾಬರಿಯಿಂದ ಷೇರಿನ ದರ ನೋಡುವುದು ಇದಕ್ಕೇ.

ಆರನೆಯ ಕಂತಿನಲ್ಲಿ ಕಂಪನಿಯ ಆಡಳಿತ ಮಂಡಳಿಯ ಮುಂದೆ ಲೋಗನ್ ವಿರುದ್ಧ ಕೆಂಡಲ್ ತರುವ ಅವಿಶ್ವಾಸ ಮತವನ್ನು ಎರಡು ಸಲ ನೋಡಿ. ಮೊದಲ ಸಲ ಬಾಗಿಲ ಕಡೆ ಗಮನವಿರಲಿ: ಯಾರ ಮೇಲೆ ಅವಿಶ್ವಾಸವೋ ಅವರು ಹೊರಗೆ ಹೋಗಬೇಕು, ಲೋಗನ್ ಕದಲುವುದಿಲ್ಲ. ಕೆಂಡಲ್‌ಗೆ ಗುಟ್ಟಾಗಿ ಕೊಟ್ಟ ಮಾತನ್ನು ಯಜಮಾನನ ಮುಖ ನೋಡುತ್ತಾ ಉಳಿಸಿಕೊಳ್ಳಬೇಕಾದ ಇಕ್ಕಟ್ಟು ಅಲ್ಲಿ ಹುಟ್ಟುತ್ತದೆ. ಕೆಂಡಲ್ ಟ್ರಾಫಿಕ್ಕಿನಲ್ಲಿ ಸಿಕ್ಕಿ ಫೋನಿನಲ್ಲಿರುವುದು ಯಾಕೆ ಅಷ್ಟು ದುಬಾರಿ ಅನ್ನುವುದೂ ಆಗ ಹೊಳೆಯುತ್ತದೆ. ಎರಡನೆಯ ಸಲ ಮೇಜಿನ ಮೇಲಿನ ಕೈಗಳನ್ನು ಮಾತ್ರ ನೋಡಿ.

ಸಬ್‌ಟೈಟಲ್ ಹಾಕಿಕೊಳ್ಳಿ. ಮೂವರು ಒಟ್ಟಿಗೆ ಮಾತಾಡುತ್ತಾರೆ, ಅರ್ಧ ವಾಕ್ಯಕ್ಕೇ ನಿಲ್ಲಿಸುತ್ತಾರೆ. ಆದರೆ ಕಣ್ಣು ಅಕ್ಷರಕ್ಕೇ ಅಂಟಿಕೊಂಡರೂ ನಷ್ಟ: ಕೈಯಲ್ಲಿ ಹಿಡಿದ ಕ್ಯಾಮೆರಾ ಅನೇಕ ಸಲ ಮಾತಾಡುವವರನ್ನು ಬಿಟ್ಟು ಕೇಳಿಸಿಕೊಳ್ಳುವವರ ಮುಖಕ್ಕೆ ಹಾರುತ್ತದೆ. ವಿಡಂಬನೆಯ ಮೊನಚು ಇರುವುದು ಆ ಮುಖಗಳಲ್ಲಿ. ತಪ್ಪಿಸಿಕೊಂಡರೆ ಹತ್ತು ಸೆಕೆಂಡ್ ಹಿಂದಕ್ಕೆ ಹೋಗಿ. ದಿನಕ್ಕೆ ಎರಡು ಕಂತು ಸಾಕು.

ಸೀಸನ್ ಹಾರಿಸಬೇಡಿ, ಎರಡನೆಯದು ಮುಗಿದ ಗಳಿಗೆಯಿಂದಲೇ ಮೂರನೆಯದು ಶುರು. ನಾಲ್ಕನೆಯ ಸೀಸನ್ನಿನ ಚುನಾವಣಾ ರಾತ್ರಿಯ ಕಂತಿಗೆ ಮೊದಲು ಇದನ್ನು ತಿಳಿದಿರಿ: ನಮ್ಮಲ್ಲಿ ಗೆದ್ದವರು ಯಾರೆಂದು ಚುನಾವಣಾ ಆಯೋಗದ ವ್ಯವಸ್ಥೆ ಮತ ಎಣಿಕೆ ಮುಗಿದ ಕೂಡಲೇ ಘೋಷಿಸುತ್ತದೆ. ಅಮೆರಿಕದಲ್ಲಿ ಅಧಿಕೃತ ಫಲಿತಾಂಶ ರಾಜ್ಯಗಳಿಂದ ತಡವಾಗಿ ಬರುತ್ತದೆ, ಆ ರಾತ್ರಿ ಗೆದ್ದವರನ್ನು ಹೆಸರಿಸುವುದು ಸುದ್ದಿ ಸಂಸ್ಥೆಗಳು. ಲೋಗನ್ ಮನೆತನದ ಎಟಿಎನ್ ವಾಹಿನಿಯ ಕೋಣೆಯಲ್ಲಿ ಅಷ್ಟು ಜಗಳ ಯಾಕೆ ಅನ್ನುವುದು ಅದರಿಂದಲೇ ಅರ್ಥವಾಗುತ್ತದೆ.

ಕೊನೆಯ ಕಂತು ಸುಮಾರು ಒಂದೂವರೆ ಗಂಟೆಯದು. ಹಳೆಯ ಹಾಳೆಯನ್ನು ಮತ್ತೆ ತೆಗೆಯಿರಿ. ಮಂಡಳಿಯಲ್ಲಿ 13 ಮತ. ಬೀಳುತ್ತಿದ್ದ ಹಾಗೆ ಒಂದೊಂದನ್ನೂ ಗುರುತು ಹಾಕಿಕೊಳ್ಳಿ.