ಆರ್ದ್ರಾ ಹೊಳಪು ಅಳೆಯಲು ಫೋಕಸ್ ತುಸು ಕೆಡಿಸಿ
ಆರ್ದ್ರಾದಂಥ ಕೆಂಪು ಚರ ನಕ್ಷತ್ರವನ್ನು (ಹೊಳಪು ಏರಿಳಿಯುವ ನಕ್ಷತ್ರ) ಬೇರೆ ನಕ್ಷತ್ರಗಳ ಜೊತೆ ಹೋಲಿಸುವಾಗ ಬೈನಾಕ್ಯುಲರ್ ಫೋಕಸ್ ಬೇಕೆಂದೇ ತುಸು ಕೆಡಿಸಿ, ಚುಕ್ಕಿ ಸಾಸಿವೆ ಕಾಳಿನಂಥ ಬಿಲ್ಲೆಯಾಗಲಿ. ಹರಡಿದ ಬೆಳಕಿನಲ್ಲಿ ಮಿನುಗು ತಗ್ಗುತ್ತದೆ, ಬಿಲ್ಲೆ ಬಿಲ್ಲೆಯ ಹೊಳಪನ್ನು ಕಣ್ಣು ಸಲೀಸಾಗಿ ತೂಗುತ್ತದೆ. ಒಂದೊಂದನ್ನೂ ಒಂದೆರಡು ಸೆಕೆಂಡಷ್ಟೇ ನೋಡಿ; ದಿಟ್ಟಿಸಿದಷ್ಟೂ ಕೆಂಪು ಚುಕ್ಕಿ ಇರುವುದಕ್ಕಿಂತ ಹೆಚ್ಚು ಹೊಳೆದಂತೆ ಕಾಣುತ್ತದೆ. ನಡುವೆ ಫೋಕಸ್ ಚಕ್ರ ಮಾತ್ರ ಮುಟ್ಟಲೇಬೇಡಿ. ಹೋಲಿಕೆಗೆ ಪ್ರೊಸಿಯಾನ್ ನಕ್ಷತ್ರದ ಕಾಂತಿಮಾನ (ಹೊಳಪಿನ ಅಳತೆ; ಅಂಕಿ ಕಡಿಮೆಯಾದಷ್ಟೂ ಹೊಳಪು ಹೆಚ್ಚು) 0.4, ರೋಹಿಣಿಯದು ಸುಮಾರು 0.9; ಆರ್ದ್ರಾ ಇವೆರಡರ ನಡುವೆ ಎಲ್ಲಿ ನಿಲ್ಲುತ್ತದೆಂದು 0.1ರ ಲೆಕ್ಕದಲ್ಲಿ ಬರೆದುಕೊಳ್ಳಿ. ಫೆಬ್ರವರಿ ಮಧ್ಯದಲ್ಲಿ ರಾತ್ರಿ 8.30ಕ್ಕೆ ಚಿಕ್ಕಮಗಳೂರಿನಲ್ಲಿ ಮೂರೂ ಎತ್ತರದಲ್ಲಿರುತ್ತವೆ, ಅದೇ ಒಳ್ಳೆಯ ಹೊತ್ತು. ಬೆಳದಿಂಗಳಿದ್ದರೆ, ಮುಳ್ಳಯ್ಯನಗಿರಿ ಕಡೆಯಿಂದ ತೆಳು ಮಂಜು ಹಾಯುತ್ತಿದ್ದರೆ ಆ ದಿನದ ಅಂಕಿ ನಂಬಬೇಡಿ. ಮಸುಕು ನಕ್ಷತ್ರಗಳಿಗೂ ಈ ಉಪಾಯ ಬೇಡ, ಹರಡಿದರೆ ಕಾಣೆಯಾಗಿಬಿಡುತ್ತವೆ.