ಪೋಕರ್ ಟೂರ್ನಮೆಂಟ್: ಗೆದ್ದ ಹಣ, ಕೈಯಲ್ಲಿ ಉಳಿದ ಹಣ

ದೊಡ್ಡ ಟೂರ್ನಮೆಂಟ್ ಸುದ್ದಿಯಲ್ಲಿ ಯಾವಾಗಲೂ ಒಂದೇ ಅಂಕಿ ಇರುತ್ತದೆ, ಗೆದ್ದ ಹಣ. ಆಟಗಾರರು ಗೆದ್ದ ಹಣವನ್ನು ಪಟ್ಟಿ ಮಾಡುವ ಹೆಂಡನ್ ಮಾಬ್ ತಾಣದಲ್ಲಿ ನನ್ನ ಹೆಸರಿನ ಮುಂದೆಯೂ ಅಂಥದ್ದೊಂದು ಮೊತ್ತ ಇದೆ. ಅದನ್ನು ನೋಡಿದ ಹುಡುಗರು ಫೋನ್ ಮಾಡಿ, "ಕೆಲಸ ಬಿಟ್ಟು ಇದನ್ನೇ ಆಡಬಹುದಾ ಸಾರ್?" ಅಂತ ಕೇಳುತ್ತಾರೆ. ನಾವು ಕಟ್ಟಿದ ಬೈ-ಇನ್ (ಪ್ರವೇಶ ಶುಲ್ಕ) ಆ ಮೊತ್ತದಲ್ಲಿ ಕಳೆದಿರುವುದಿಲ್ಲ. ಅದಕ್ಕೇ ನಾನು ಅವರಿಗೆ ಮೊದಲು ತೋರಿಸುವುದು ನನ್ನ ಲೆಕ್ಕದ ಪುಸ್ತಕವನ್ನು.

2024ರಲ್ಲಿ ನಮ್ಮ ಬೆಂಗಳೂರಿನ ಸಂತೋಷ್ ಸುವರ್ಣ ಲಾಸ್ ವೇಗಸ್‌ನ ವರ್ಲ್ಡ್ ಸೀರೀಸ್ ಆಫ್ ಪೋಕರ್ ಸರಣಿಯ ಒಂದು ಟೂರ್ನಮೆಂಟ್‌ನಲ್ಲಿ 54 ಲಕ್ಷ ಡಾಲರ್‌ಗೂ ಜಾಸ್ತಿ ಗೆದ್ದರು. ಆ ಸುದ್ದಿ ಓದಿ ನನಗೆ ತುಂಬಾ ಹೆಮ್ಮೆ ಆಯಿತು. ಆದರೆ ಆ ಟೇಬಲ್‌ನಲ್ಲಿ ಕೂರುವುದಕ್ಕೇ 2.5 ಲಕ್ಷ ಡಾಲರ್ ಕಟ್ಟಬೇಕಿತ್ತು. ಅದೇ ಸರಣಿಯ ಮೇನ್ ಇವೆಂಟ್‌ನ ಬೈ-ಇನ್ 10,000 ಡಾಲರ್. 2003ರಲ್ಲಿ ಕ್ರಿಸ್ ಮನಿಮೇಕರ್ ಅದನ್ನು ಗೆದ್ದಾಗ 839 ಜನ ಆಡಿದ್ದರು. ಅವರಲ್ಲಿ ಹಣ ಸಿಕ್ಕಿದ್ದು 63 ಜನರಿಗೆ ಮಾತ್ರ. ಗೆದ್ದವರಿಗೆ 25 ಲಕ್ಷ ಡಾಲರ್, ಉಳಿದ 776 ಜನ ಬರಿಗೈ. ಈಗ ಹೆಚ್ಚು ಜನರಿಗೆ ಹಂಚುತ್ತಾರೆ, ಆದರೂ ದೊಡ್ಡ ಹಣವೆಲ್ಲ ಕೊನೆಯ ಟೇಬಲ್‌ನಲ್ಲೇ ಇರುತ್ತದೆ. ಅಂದರೆ ಎಷ್ಟೇ ಚೆನ್ನಾಗಿ ಆಡಿದರೂ ತಿಂಗಳುಗಟ್ಟಲೆ ಸೋಲುವುದು ಈ ವೃತ್ತಿಯಲ್ಲಿ ಮಾಮೂಲಿ.

ಹಾಗಾಗಿ ನನ್ನ ಮೊದಲ ನಿಯಮ ಮನೆ ಖರ್ಚಿನ ಹಣವೇ ಬೇರೆ, ಆಟದ ಹಣವೇ ಬೇರೆ. ಆಟದ ಖಾತೆಯಲ್ಲಿ ಕನಿಷ್ಠ ನೂರು ಬೈ-ಇನ್ ಇಲ್ಲದಿದ್ದರೆ ಆ ಮಟ್ಟದ ಟೂರ್ನಮೆಂಟ್ ಆಡುವುದಿಲ್ಲ. ಅದಕ್ಕಿಂತ ದೊಡ್ಡದನ್ನು ಆಡಬೇಕು ಅನಿಸಿದರೆ ಪಾಲು ಮಾರುತ್ತೇನೆ. ಉದಾಹರಣೆಗೆ, ಬೈ-ಇನ್ ಒಂದು ಲಕ್ಷ ರೂಪಾಯಿ ಅಂದುಕೊಳ್ಳಿ. ಅರ್ಧ ಪಾಲನ್ನು ಸ್ನೇಹಿತರಿಗೆ 55,000ಕ್ಕೆ ಕೊಡುತ್ತೇನೆ. ಮೇಲಿನ 5,000 ನನ್ನ ಆಟಕ್ಕೆ ಸಿಗುವ ಬೆಲೆ. ಗೆದ್ದರೆ ಅರ್ಧ ಅವರದು. ಪಾಲು, ಬೆಲೆ, ತೆರಿಗೆ ಹೇಗೆ ಹಂಚಬೇಕು ಎಲ್ಲವನ್ನೂ ಆಟಕ್ಕೆ ಮೊದಲೇ ಬರೆದು ಕಳಿಸುತ್ತೇನೆ. ಸ್ನೇಹ ಉಳಿಯಬೇಕು ಅಂದರೆ ಇಷ್ಟಾದರೂ ಬೇಕು, ಅಲ್ವಾ?

ತೆರಿಗೆ ವಿಷಯವನ್ನು ಬಹಳ ಜನ ಯೋಚಿಸುವುದೇ ಇಲ್ಲ. ನಮ್ಮ ದೇಶದಲ್ಲಿ ಇಸ್ಪೀಟಿನಲ್ಲಿ ಗೆದ್ದ ಹಣಕ್ಕೆ ನೂರಕ್ಕೆ 30ರಂತೆ ತೆರಿಗೆ. ಅದರಿಂದ ಯಾವ ಖರ್ಚನ್ನೂ ಕಳೆಯುವ ಹಾಗಿಲ್ಲ. ಆಡಲು ಗೋವಾಕ್ಕೆ ಹೋದ ಟಿಕೆಟ್, ರೂಮ್ ಬಾಡಿಗೆ ಯಾವುದೂ ಲೆಕ್ಕಕ್ಕೆ ಬರುವುದಿಲ್ಲ. ಇದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ಆದರೆ ಕಾನೂನು ಹೀಗಿರುವಾಗ, ಸ್ವಲ್ಪ ಲಾಭ ಬರುವಷ್ಟು ಚೆನ್ನಾಗಿ ಆಡಿದರೆ ಸಾಲದು. ತೆರಿಗೆ ಕೊಟ್ಟ ಮೇಲೂ ಉಳಿಯುವಷ್ಟು ಚೆನ್ನಾಗಿ ಆಡಬೇಕು.

ಇನ್ನು ಆಟ. ನಾನು ಅತಿ ಹೆಚ್ಚು ಹೊತ್ತು ಕಲಿತದ್ದು ಕಡಿಮೆ ಚಿಪ್ (ಆಟದ ಬಿಲ್ಲೆ) ಇದ್ದಾಗ ಆಡುವುದನ್ನು. ಪ್ರತಿ ಸಲ ಎಲೆ ಹಂಚುವ ಮೊದಲೇ ಇಬ್ಬರು ಕಟ್ಟಲೇಬೇಕಾದ ಚಿಪ್‌ಗೆ ಬ್ಲೈಂಡ್ ಅನ್ನುತ್ತಾರೆ, ಅದರಲ್ಲಿ ದೊಡ್ಡದು ಬಿಗ್ ಬ್ಲೈಂಡ್. ಅದು ಏರುತ್ತಲೇ ಹೋಗುತ್ತದೆ, ಕೊನೆಕೊನೆಗೆ ಹೆಚ್ಚಿನವರ ಬಳಿ ಹತ್ತು, ಹದಿನೈದು ಬಿಗ್ ಬ್ಲೈಂಡ್‌ಗೆ ಆಗುವಷ್ಟು ಚಿಪ್ ಮಾತ್ರ ಇರುತ್ತದೆ. ಹತ್ತಕ್ಕೆ ಇಳಿದರೆ ನನಗೆ ಎರಡೇ ದಾರಿ: ಆಲ್-ಇನ್ (ಇರುವ ಚಿಪ್ ಎಲ್ಲ ಕಟ್ಟುವುದು) ಅಥವಾ ಫೋಲ್ಡ್ (ಎಲೆ ಬಿಸಾಡುವುದು). ಯಾವ ಸೀಟಿನಿಂದ ಯಾವ ಎಲೆಗೆ ಆಲ್-ಇನ್ ಅನ್ನುವ ಪಟ್ಟಿಯನ್ನು ಮಗ್ಗಿ ಥರ ಬಾಯಿಪಾಠ ಮಾಡಿದೆ. ಆಟಿನ್ ಎಕ್ಕ, ಕಳಾವರ್ ಐದು ಬಂತು ಅಂದುಕೊಳ್ಳಿ. ಒಂಬತ್ತು ಜನರ ಟೇಬಲ್‌ನಲ್ಲಿ ಮೊದಲು ಮಾತಾಡುವ ಸೀಟಿನಲ್ಲಿದ್ದರೆ ಬಿಸಾಡುತ್ತೇನೆ. ಬಟನ್‌ನಲ್ಲಿದ್ದು (ಬ್ಲೈಂಡ್ ಕಟ್ಟಿದ ಇಬ್ಬರಿಗಿಂತ ಮುಂಚೆ ಮಾತಾಡುವ ಸೀಟು), ನನಗಿಂತ ಮೊದಲು ಮಾತಾಡಿದವರೆಲ್ಲ ಫೋಲ್ಡ್ ಮಾಡಿದ್ದರೆ ಯೋಚಿಸದೆ ಆಲ್-ಇನ್. ಎಲೆ ಅದೇ. ಆದರೆ ಒಂದು ಕಡೆ ನನ್ನ ನಂತರ ಮಾತಾಡಲು ಎಂಟು ಜನ ಇದ್ದಾರೆ, ಇನ್ನೊಂದು ಕಡೆ ಇಬ್ಬರೇ.

ಸ್ಯಾಟಲೈಟ್ ಆಟದಲ್ಲಿ ಲೆಕ್ಕ ಇನ್ನೂ ವಿಚಿತ್ರ. ಗೆದ್ದವರಿಗೆ ಹಣದ ಬದಲು ದೊಡ್ಡ ಟೂರ್ನಮೆಂಟಿನ ಟಿಕೆಟ್ ಸಿಗುತ್ತದೆ, ಎಲ್ಲರಿಗೂ ಒಂದೇ ಬೆಲೆಯ ಟಿಕೆಟ್. ಮನಿಮೇಕರ್ ಮೇನ್ ಇವೆಂಟಿಗೆ ಹೋಗಿದ್ದೂ ಇಂಥ ಆಟದಿಂದಲೇ. ಹತ್ತು ಟಿಕೆಟ್ ಇವೆ, ಹನ್ನೊಂದು ಜನ ಉಳಿದಿದ್ದಾರೆ ಅನ್ನಿ. ಒಬ್ಬನ ಬಳಿ ಅರ್ಧ ಬ್ಲೈಂಡ್ ಕೂಡ ಇಲ್ಲ, ಮುಂದಿನ ಸುತ್ತಿನಲ್ಲಿ ಅವನು ಬಹುತೇಕ ಔಟ್. ನನ್ನ ಬಳಿ ಸಾಕಷ್ಟು ಚಿಪ್ ಇದೆ. ಆಗ ನನಗಿಂತ ಹೆಚ್ಚು ಚಿಪ್ ಇರುವವನು ಆಲ್-ಇನ್ ಅನ್ನುತ್ತಾನೆ. ನನ್ನ ಕೈಯಲ್ಲಿ ಎರಡು ಎಕ್ಕ! ಯಾವುದೋ ಎರಡು ಎಲೆಯ ಎದುರು ಎಕ್ಕದ ಜೋಡಿ ನೂರಕ್ಕೆ ಸುಮಾರು 85 ಸಲ ಗೆಲ್ಲುತ್ತದೆ. ಆದರೂ ನಾನು ಫೋಲ್ಡ್ ಮಾಡುತ್ತೇನೆ. ಗೆದ್ದರೆ ಸಿಗುವುದು ಈಗಾಗಲೇ ಹೆಚ್ಚುಕಡಿಮೆ ಕೈಯಲ್ಲಿರುವ ಟಿಕೆಟ್ಟೇ, ಎರಡನೆಯದು ಯಾರೂ ಕೊಡುವುದಿಲ್ಲ. ಸೋತರೆ ಅದೂ ಇಲ್ಲ. ಪಕ್ಕದಲ್ಲಿ ನಿಂತು ನೋಡುವವರಿಗೆ ಇದು ಹೇಡಿತನ ಅನಿಸಬಹುದು. ನನಗಂತೂ ಈ ಆಟದ ಸೊಗಸು ಇಲ್ಲೇ ಇದೆ.

ಇದನ್ನೆಲ್ಲ ನಾನು ರೂಢಿ ಮಾಡಿಕೊಂಡದ್ದು ಆನ್‌ಲೈನ್‌ನಲ್ಲಿ. ನಾಲ್ಕಾರು ಟೇಬಲ್ ಒಟ್ಟಿಗೆ ತೆರೆದು ಆಡಿದರೆ ಗಂಟೆಗೆ ನೂರಾರು ಕೈ (ಒಂದು ಸಲ ಎಲೆ ಹಂಚಿ ಆಡುವ ಆಟ) ನೋಡಬಹುದಿತ್ತು. ಕ್ಯಾಸಿನೊದಲ್ಲಿ ಡೀಲರ್ ಎಲೆ ಹಂಚಿ ಆಡಿಸಿದರೆ ಗಂಟೆಗೆ ಮೂವತ್ತು ಕೈ ಆದರೆ ಹೆಚ್ಚು. 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಹಣದಾಟ ನಿಷೇಧಿಸುವ ಕಾನೂನು ಮಾಡಿದ ಮೇಲೆ ಆ ದಾರಿ ಮುಚ್ಚಿತು. ಆಡುವ ಟೂರ್ನಮೆಂಟ್ ಕಡಿಮೆಯಾದಷ್ಟೂ ಅದೃಷ್ಟದ ಏರಿಳಿತ ಸಮವಾಗಲು ಜಾಸ್ತಿ ವರ್ಷ ಬೇಕು. ಹಾಗಾಗಿ ಈಗ ಮೊದಲಿಗಿಂತ ಹೆಚ್ಚು ಪಾಲು ಮಾರುತ್ತೇನೆ. ಗೋವಾದ ಪಣಜಿಗೆ ಹೋದರೆ ಒಂದೇ ಟೂರ್ನಮೆಂಟ್‌ಗೆ ಹೋಗುವುದಿಲ್ಲ, ಇಡೀ ಸರಣಿ ಆಡುವ ಹಾಗೆ ದಿನ ಹೊಂದಿಸಿಕೊಳ್ಳುತ್ತೇನೆ. ಊರಿನಲ್ಲಿದ್ದಾಗ ಬೆಳಿಗ್ಗೆ ಹೊತ್ತು ಸಾಲ್ವರ್ (ಸರಿಯಾದ ಆಟ ಯಾವುದು ಅಂತ ಲೆಕ್ಕ ಹಾಕುವ ಸಾಫ್ಟ್‌ವೇರ್) ಮುಂದೆ ಕೂತು, ಹಿಂದಿನ ಸರಣಿಯಲ್ಲಿ ಬರೆದಿಟ್ಟ ಕೈಗಳನ್ನು ಒಂದೊಂದಾಗಿ ಬಿಡಿಸುತ್ತೇನೆ.