ಏಲಕ್ಕಿ ಬನ್ನು ಕಟ್ಟಿಸಿಕೊಂಡು ಗುಡ್ಡ ಹತ್ತಿದ ದಿನ

ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ನನಗೆ ಸಿಕ್ಕಿದ್ದು ಒಂದೇ ದಿನ ಬಿಡುವು. ಅಲ್ಲಿಯವರ ಬಾಯಲ್ಲಿ ಅದು ಯೊತೆಬೊರಿ. ಮ್ಯೂಸಿಯಂ ಗೀಸಿಯಂ ಬೇಡ, ಸುಮ್ನೆ ನಡೆಯೋದು, ಹಸಿವಾದಾಗ ತಿನ್ನೋದು ಅಂತ ಹೊರಟೆ. ಜೂನ್ ತಿಂಗಳಲ್ಲಿ ರಾತ್ರಿ ಹತ್ತಾದರೂ ಬೆಳಕಿರುತ್ತೆ. ಅವಸರ ಯಾಕೆ?

ಮೊದಲು ಹಾಗಾ ಅನ್ನೋ ಹಳೇ ಬಡಾವಣೆ. ಅಲ್ಲಿ ಮೂರಂತಸ್ತಿನ ಮನೆಗಳ ಕೆಳಗಿನ ಅಂತಸ್ತು ಕಲ್ಲಿನದು, ಮೇಲಿನ ಎರಡು ಮರದ್ದು. ಬೆಂಕಿಯ ಭಯಕ್ಕೆ ಎರಡಂತಸ್ತು ಮೀರಿ ಮರದ ಮನೆ ಕಟ್ಟೋ ಹಾಗಿರಲಿಲ್ಲ. ಜನ ಕೆಳಗೊಂದು ಕಲ್ಲಿನ ಅಂತಸ್ತು ಸೇರಿಸಿ ದಾರಿ ಹುಡುಕಿಕೊಂಡರು. ಜಾಣರು!

ಈ ಹಾಗಾ ಬಡಾವಣೆಯಲ್ಲಿ ಎಲ್ಲರೂ ಫೋಟೋ ತೆಗೆಯೋದು ಊಟದ ತಟ್ಟೆಯಷ್ಟು ಅಗಲದ ದಾಲ್ಚಿನ್ನಿ ಬನ್ನಿಗೆ. ನಾನು ಸಣ್ಣದೊಂದು ಏಲಕ್ಕಿ ಬನ್ನು ತೆಗೆದುಕೊಂಡೆ. ಸಕಲೇಶಪುರದ ಕಡೆಯವನಿಗೆ ಏಲಕ್ಕಿಯಲ್ಲಿ ಹೊಸದೇನು ಅಲ್ವಾ? ಆದರೆ ನಾವು ಪಾಯಸಕ್ಕೆ ನುಣ್ಣಗೆ ಪುಡಿ ಮಾಡಿ ಚಿಟಿಕೆ ಹಾಕುತ್ತೇವೆ. ಇವರು ಕಾಳನ್ನು ತರಿತರಿಯಾಗಿ ಕುಟ್ಟಿ ಹಿಟ್ಟಿಗೂ ಬೆರೆಸಿ, ಮೇಲೆ ಸಕ್ಕರೆ ಜೊತೆ ಉದುರಿಸಿದ್ದರು. ಕಚ್ಚಿದರೆ ಕರೀ ಕಾಳು ಹಲ್ಲಿಗೆ ಸಿಕ್ಕಿ ಚುರುಕ್ ಅನ್ನುತ್ತೆ. ಇನ್ನೊಂದು ಕಟ್ಟಿಸಿಕೊಂಡೆ. ಕಾಫಿ ಕುಡಿಯುವವರು 'ಪೋತೋರ್' ಅನ್ನೋ ಪದ ನೆನಪಿಡಿ. ಎರಡನೇ ಲೋಟ ಅಂತ ಅರ್ಥ. ನನಗೆ ಅದು ಪುಕ್ಕಟೆ ಸಿಕ್ಕಿತು.

ಅಲ್ಲಿಂದ ಕಾಲುವೆ ಪಕ್ಕದ ಫೆಸ್ಕೆಶೋರ್ಕಾಗೆ. ಹೆಸರಿನ ಅರ್ಥ ಮೀನಿನ ಚರ್ಚು. ಹೊರಗಿಂದ ಚರ್ಚಿನ ಹಾಗೇ ಕಾಣುವ ಇದು 1874ರ ಮೀನು ಮಾರುಕಟ್ಟೆ. ಸಿಗಡಿ ಬ್ರೆಡ್ ತಿಂದೆ. ಒಂದೇ ಹೋಳು ಬ್ರೆಡ್ಡು, ಮೇಲೆ ಬೇಯಿಸಿದ ಮೊಟ್ಟೆ, ಮಯೋನೀಸ್, ಗುಡ್ಡೆ ಹಾಕಿದ ತಣ್ಣನೆಯ ಸಿಗಡಿ, ಸಬ್ಬಸಿಗೆ, ನಿಂಬೆ ಹೋಳು. ಖಾರವಿಲ್ಲದ ಸಿಗಡಿ ಏನು ಚೆನ್ನಾಗಿರುತ್ತೆ ಅಂದುಕೊಂಡಿದ್ದೆ. ಸಿಗಡಿಗೆ ತನ್ನದೇ ಸಿಹಿ ಇದೆ ಅಂತ ಅವತ್ತು ಗೊತ್ತಾಯಿತು. ಆದರೂ ಒಂದು ಹಸಿಮೆಣಸಿನಕಾಯಿ ಇದ್ದಿದ್ದರೆ!

ಮಧ್ಯಾಹ್ನದ ಹೊತ್ತಿಗೆ ಹೊಸ ಶೂ ಹಿಮ್ಮಡಿ ಕಚ್ಚಿತ್ತು. ಕಲ್ಲು ಹಾಸಿನ ಬೀದಿಗೆ ಹೊಸ ಶೂ ಹಾಕಿಕೊಂಡು ಹೋಗಿದ್ದು ನನ್ನದೇ ದಡ್ಡತನ, ನೀವು ಮಾಡಬೇಡಿ. ಕುಂಟುತ್ತಾ ಸ್ಲಾಟ್ಸ್‌ಕೋಗನ್ ಉದ್ಯಾನ ಸೇರಿ ಬರಿಗಾಲಲ್ಲಿ ಹುಲ್ಲಿನ ಮೇಲೆ ಬಿದ್ದುಕೊಂಡೆ. ಅದೂ 1874ರದ್ದೇ. ಅಲ್ಲಿ ಸೀಲ್ ಅನ್ನೋ ಕಡಲ ಪ್ರಾಣಿ, ಮೂಸ್ ಅನ್ನೋ ದೊಡ್ಡ ಜಿಂಕೆ ಎಲ್ಲ ಇವೆ, ಟಿಕೆಟ್ ಇಲ್ಲ. ನಾನು ಜಾಸ್ತಿ ಹೊತ್ತು ನೋಡಿದ್ದು ಆಕಾಶವನ್ನೇ.

ಸಂಜೆ ವಾಪಸ್ ಹಾಗಾಗೆ ಬಂದು, ಹಿಂದಿನ ಗುಡ್ಡದ ಮೆಟ್ಟಿಲು ಹತ್ತಿದೆ. ಮೇಲೆ ಸ್ಕಾನ್ಸೆನ್ ಕ್ರೋನನ್ ಕೋಟೆ. ಡೆನ್ಮಾರ್ಕಿನವರು ದಂಡೆತ್ತಿ ಬಂದಾರು ಅಂತ 17ನೇ ಶತಮಾನದಲ್ಲಿ ಕಟ್ಟಿದ್ದು, ತಲೆ ಮೇಲೆ ಚಿನ್ನದ ಬಣ್ಣದ ಕಿರೀಟ. ಕೆಳಗೆ ಊರಿನ ಮಾಡುಗಳು, ದೂರದಲ್ಲಿ ಬಂದರಿನ ಕ್ರೇನುಗಳು. ಒಂಬತ್ತೂವರೆಗೂ ಬಿಸಿಲಿತ್ತು. ಕಟ್ಟಿಸಿಕೊಂಡ ಬನ್ನು ಬ್ಯಾಗಿನಲ್ಲಿ ಚಪ್ಪಟೆಯಾಗಿತ್ತು, ಘಮ ಮಾತ್ರ ಹಾಗೇ ಇತ್ತು. ಅಮ್ಮನಿಗೆ ಫೋನ್ ಮಾಡೋಣ ಅಂತ ಕೈಗೆತ್ತಿಕೊಂಡೆ. ಊರಲ್ಲಿ ಆಗ ರಾತ್ರಿ ಒಂದು ಗಂಟೆ. ಬನ್ನಿನ ಫೋಟೋ ಕಳಿಸಿ, ತಿನ್ನೋಕೆ ಶುರು ಮಾಡಿದೆ.